ಎಲ್ಲಿ ನಿಲ್ಲಿಸಿದರೂ ನಿಂತ ಹಸೆಬೆ

2018ರ ಜೂನ್ 28. ರಷ್ಯಾದ ವೋಲ್ಗೊಗ್ರಾಡ್‌ನಲ್ಲಿ ನಡೆಯುತ್ತಿದ್ದ ವಿಶ್ವಕಪ್ ಪಂದ್ಯದಲ್ಲಿ ಪೋಲೆಂಡ್ ವಿರುದ್ಧ ಜಪಾನ್ 0–1ರಿಂದ ಹಿಂದಿತ್ತು. 82ನೇ ನಿಮಿಷದಲ್ಲಿ ಕೋಚ್ ಅಕಿರಾ ನಿಶಿನೊ ಒಬ್ಬ ಫಾರ್ವರ್ಡ್ ಆಟಗಾರನನ್ನು ಹೊರಗೆ ಕರೆದು, ಅಂದು ಬೆಂಚ್‌ನಲ್ಲಿದ್ದ ನಾಯಕ ಮಕೊಟೊ ಹಸೆಬೆಯನ್ನು ಒಳಗೆ ಕಳಿಸಿದರು. ಗೋಲಿನ ಆಸೆ ಬಿಡಿ, ಹಳದಿ ಕಾರ್ಡ್ ಪಡೆಯಬೇಡಿ ಎಂಬ ಸಂದೇಶ ಅವರ ಜತೆ ಹೋಯಿತು. ಅತ್ತ ಸೆನೆಗಲ್ ಕೂಡ ಸೋಲುತ್ತಿತ್ತು. ಅಂಕ, ಗೋಲು ಎಲ್ಲವೂ ಸಮ. ಹಳದಿ ಕಾರ್ಡ್ ಮಾತ್ರ ಜಪಾನಿಗೆ ಕಡಿಮೆ. ಕೊನೆಯ ನಿಮಿಷಗಳಲ್ಲಿ ಜಪಾನ್ ಹಿಂದೆಯೇ ಚೆಂಡು ತಳ್ಳಾಡುತ್ತಾ ನಿಂತಿತು. ಕ್ರೀಡಾಂಗಣ ಕೂಗಿ ಅಣಕಿಸಿತು. ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಮಾನವೂ ಹೋಗಿ, ಟೂರ್ನಿಯೂ ಹೋಗುತ್ತಿತ್ತು.

ಟಿ.ವಿ. ಮುಂದೆ ಕುಳಿತಿದ್ದ ನನಗೂ ಅಂದು ಸಿಟ್ಟು ಬಂದಿತ್ತು. ಈಗ ಕಾಡುವ ಪ್ರಶ್ನೆ ಬೇರೆ. ಇಂಥ ಅಪ್ರಿಯ ಆದೇಶವನ್ನು ಹೊತ್ತೊಯ್ಯಲು ಹಸೆಬೆಯೇ ಏಕೆ? ಹೊಂಡಾ, ಕಗಾವಾ ಸುದ್ದಿಯಾಗುತ್ತಿದ್ದ ಕಾಲದಲ್ಲಿ ಸುದ್ದಿಯಾಗದ ಕೆಲಸ ಮಾಡುತ್ತಿದ್ದವರು ಇವರು ಎಂಬುದೇ ಉತ್ತರ ಇರಬೇಕು.

ಉರಾವಾ ರೆಡ್ಸ್ ಬಿಟ್ಟು 2008ರಲ್ಲಿ ಜರ್ಮನಿಗೆ ಹೋದರು. ಮರುವರ್ಷವೇ ವುಲ್ಫ್ಸ್‌ಬರ್ಗ್ ಜತೆ ಬುಂಡೆಸ್‌ಲೀಗಾ ಗೆದ್ದರು. ಮೂಲತಃ ಮಿಡ್‌ಫೀಲ್ಡರ್, ಆದರೆ ಬಲಬದಿಯ ರಕ್ಷಣೆಗೂ ನಿಲ್ಲಿಸಿದರು. 2011ರಲ್ಲೊಮ್ಮೆ ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್ ಸಿಕ್ಕಿ, ಬದಲಿ ಆಟಗಾರರೂ ಮುಗಿದಿದ್ದಾಗ ಗ್ಲೌಸ್ ತೊಟ್ಟು ಗೋಲಿಗೂ ನಿಂತರು!

ಊರು ಬಿಟ್ಟು ದುಡಿಯುವ ನಮಗೆ ಇದು ಹೊಸದಲ್ಲ. 'ಅವನು ಎಲ್ಲಕ್ಕೂ ಆಗ್ತಾನೆ' ಎಂಬ ಮಾತು ಹೊಗಳಿಕೆಯೋ ಬಡ್ತಿ ತಪ್ಪಿಸುವ ನೆಪವೋ, ವರ್ಷಗಟ್ಟಲೆ ತಿಳಿಯುವುದಿಲ್ಲ. ಹಸೆಬೆಗೂ ಎಲ್ಲವೂ ಸಲೀಸಾಗಲಿಲ್ಲ. 2013ರಲ್ಲಿ ನ್ಯೂರೆನ್‌ಬರ್ಗ್‌ಗೆ ಹೋದರೆ ಮೊಣಕಾಲು ಕೈಕೊಟ್ಟಿತು, ತಂಡವೂ ಕೆಳ ದರ್ಜೆಗೆ ಇಳಿಯಿತು.

ತಿರುವು ಬಂದದ್ದು ಫ್ರಾಂಕ್‌ಫರ್ಟ್‌ನಲ್ಲಿ. ಮೂವತ್ತು ದಾಟಿದ ಅವರನ್ನು ಕೋಚ್ ನಿಕೊ ಕೊವಾಚ್ ರಕ್ಷಣಾ ಸಾಲಿನ ನಡುವೆ, ಲಿಬೆರೊ ಜಾಗದಲ್ಲಿ ನಿಲ್ಲಿಸಿದರು. ಓಟ ಕುಗ್ಗಿದ್ದರೂ ಆಟ ಓದುವ ಕಣ್ಣಿಗೆ ಅಲ್ಲಿಂದ ಇಡೀ ಮೈದಾನ ಕಾಣುತ್ತದೆ. ಎಲ್ಲಕ್ಕೂ ಒಗ್ಗುವ ಗುಣಕ್ಕೆ ಕೊನೆಗೂ ತನ್ನದೇ ಒಂದು ಜಾಗ ಸಿಕ್ಕಿತು. 2018ರಲ್ಲಿ ಬಾಯರ್ನ್ ಮಣಿಸಿ ಜರ್ಮನ್ ಕಪ್, 2022ರಲ್ಲಿ ಯೂರೋಪಾ ಲೀಗ್. 2024ರಲ್ಲಿ, 40ರ ವಯಸ್ಸಿನಲ್ಲಿ ನಿಲ್ಲಿಸುವಾಗ ಬುಂಡೆಸ್‌ಲೀಗಾದಲ್ಲಿ 384 ಪಂದ್ಯ. ಏಷ್ಯಾದ ಯಾರೂ ಅಷ್ಟು ಆಡಿಲ್ಲ.

ಅದೇ ವರ್ಷ ಅವರನ್ನು ಜಪಾನ್ ತಂಡದ ಕೋಚಿಂಗ್ ಬಳಗಕ್ಕೆ ಸೇರಿಸಿಕೊಂಡರು. ತಂಡದ ಬಹುಪಾಲು ಹುಡುಗರು ಈಗ ಯೂರೋಪಿನಲ್ಲೇ ಆಡುವುದರಿಂದ ಇದು ಬರೀ ಗೌರವದ ಹುದ್ದೆಯಲ್ಲ. ಅಲ್ಲಿ ಬೆಂಚ್ ಮೇಲೆ ಕುಳಿತು ಜಾಗ ಬದಲಿಸಲೋ ಬೇಡವೋ ಎಂದು ಯೋಚಿಸುವ ಹುಡುಗನಿಗೆ, ಆ ಬೆಂಚ್ ಹೇಗಿರುತ್ತದೆಂದು ಬಲ್ಲವನೊಬ್ಬ ಸಿಕ್ಕಿದ್ದಾನೆ.