ಸುರ ಹಿಡಿದವರ ಹೆಸರೂ ಇರಲಿ

ಹೋದ ಬೇಸಿಗೆಯಲ್ಲಿ ನಮ್ಮೂರು ಅನಂತಪುರದಲ್ಲಿ ಕಾಕಾನ ಮಗಳ ಮದುವೆ ಇತ್ತು. ಡಿಜೆ ಬೇಡ, ಸನಾದಿಯೇ ಆಗಬೇಕು ಎಂದು ಮುತ್ಯಾ ಹಟ ಹಿಡಿದಿದ್ದರು. ಹಂದರದ ಮೂಲೆಯಲ್ಲಿ ಒಬ್ಬರು ಸನಾದಿಯಲ್ಲಿ ಒಂದಾದ ಮೇಲೊಂದು ಹಾಡು ನುಡಿಸುತ್ತಿದ್ದರೆ, ಪಕ್ಕದಲ್ಲಿದ್ದವರು ಗಲ್ಲ ಉಬ್ಬಿಸಿಕೊಂಡು ಒಂದೇ ಸ್ವರ ಊದುತ್ತಿದ್ದರು. ಹಾಡು ಬದಲಾದರೂ ಅವರ ಸ್ವರ ಬದಲಾಗಲಿಲ್ಲ. ಇವರಿಗೆ ಬೇರೇನೂ ಬರುವುದಿಲ್ಲವೇನೋ ಎಂದು ನಾನು ನಕ್ಕೆ. ಮುತ್ಯಾ ಗದರಿದರು. ‘ಅವಾ ಸುರ ಹಿಡದಾನಲೇ. ಅವಾ ಬಿಟ್ಟಂದ್ರ ಮುಂದಿನವ ಎಲ್ಲಿ ಹೋಗ್ತಾನ?’

ಅಷ್ಟಕ್ಕೇ ಬಿಡಲಿಲ್ಲ. ‘ಸನಾದಿ ಅಪ್ಪಣ್ಣ ಸಿನಿಮಾದಾಗ ಸನಾದಿ ಊದಿದವ್ರು ಯಾರು, ಹೇಳು ನೋಡೂಣು’ ಎಂದು ಕೇಳಿದರು. ‘ರಾಜ್‌ಕುಮಾರ್’ ಎಂದೆ. ಸುತ್ತ ಕುಳಿತವರೆಲ್ಲ ನಕ್ಕರು. ಈಗ ನಗಿಸಿಕೊಳ್ಳುವ ಸರದಿ ನನ್ನದಾಗಿತ್ತು.

ಅಂದು ರಾತ್ರಿ ಮಾಳಿಗೆ ಮೇಲೆ ಮಲಗಿ ಮೊಬೈಲಿನಲ್ಲಿ ಹುಡುಕಿದೆ. 1977ರ ಆ ಚಿತ್ರದಲ್ಲಿ ತೆರೆಯ ಮೇಲೆ ಊದಿದವರು ರಾಜ್‌ಕುಮಾರ್. ನಿಜವಾಗಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ಇಬ್ಬರ ಹಿಂದೆ ಇನ್ನೊಬ್ಬರಿದ್ದರು: ಚಿತ್ರದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. ಅವರು ಮಾಡಿದ ಹಾಡುಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅವರ ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ.

ವೆಂಕಟೇಶ್ ಹುಟ್ಟಿದ್ದು 1927ರಲ್ಲಿ, ಹೈದರಾಬಾದಿನಲ್ಲಿ. ಮನೆಮಾತು ತೆಲುಗು, ಕೈಯಲ್ಲಿ ವೀಣೆ. ಮದ್ರಾಸಿನಲ್ಲಿ ಎಂ.ಎಸ್. ವಿಶ್ವನಾಥನ್ ಅವರಿಗೆ ಸಹಾಯಕರಾಗಿದ್ದು ಕೆಲಸ ಕಲಿತರು. ಆಗ ಕನ್ನಡ ಸಿನಿಮಾದ ಹಾಡುಗಳೂ ಮದ್ರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ಹೊರಗಿನಿಂದ ಬಂದ ಈ ಮನುಷ್ಯ ಕನ್ನಡಕ್ಕೆ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದಂಥ ಚಿತ್ರಗಳ ಸಂಗೀತ ಕೊಟ್ಟರು. 1966ರ ‘ಸಂಧ್ಯಾರಾಗ’ದಲ್ಲಿ ನಮ್ಮ ಗದುಗಿನ ಭೀಮಸೇನ ಜೋಶಿ ಮತ್ತು ಎಂ. ಬಾಲಮುರಳೀಕೃಷ್ಣ ಇಬ್ಬರ ಕಂಠವೂ ಇದೆ. ಹಿಂದುಸ್ತಾನಿ, ಕರ್ನಾಟಕಿ ಎರಡೂ ದಾರಿಯ ಅಷ್ಟು ದೊಡ್ಡ ಗಾಯಕರನ್ನು ಒಂದೇ ಸಿನಿಮಾಕ್ಕೆ ಒಗ್ಗಿಸುವುದು ಸಣ್ಣ ಕೆಲಸವೇನಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಎರಡು ಸಂಗತಿ. ಮೊದಲನೆಯದು, ರಾಜ್‌ಕುಮಾರ್ ಹಾಡಿದ್ದು. ಅಲ್ಲಿಯವರೆಗೆ ತೆರೆಯ ಮೇಲಿನ ರಾಜ್‌ಕುಮಾರ್‌ಗೆ ಹೆಚ್ಚಾಗಿ ದನಿ ಕೊಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಚಿ. ಉದಯಶಂಕರ್ ಬರೆದ ಹಾಡನ್ನು ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ತಾವೇ ಹಾಡಿದರು. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡು ಇಂದಿಗೂ ನಮ್ಮೂರ ಜಾತ್ರೆಯ ಸ್ಪೀಕರಿನಲ್ಲಿ ಕೇಳುತ್ತದೆ. ಮುಂದೆ ‘ಜೀವನ ಚೈತ್ರ’ದ ಗಾಯನಕ್ಕೆ ರಾಜ್‌ಕುಮಾರ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಆ ಚಿತ್ರದ ಸಂಗೀತ ಬೇರೆಯವರದು. ಆದರೆ ಆ ನಟ ಗಾಯಕನಾಗಿ ನೆಲೆಯೂರಿದ್ದು ವೆಂಕಟೇಶ್ ಅವರ ಸ್ವರದ ಮೇಲೆ.

ಎರಡನೆಯದು ಅವರ ತಂಡದ ಕಥೆ. ತಮಿಳುನಾಡಿನ ಹಳ್ಳಿಯೊಂದರಿಂದ ಬಂದ ಗಿಟಾರ್ ವಾದಕನೊಬ್ಬ ಅವರ ಬಳಿ ಸಹಾಯಕನಾಗಿ ಸೇರಿದ. ಅನೇಕ ಕನ್ನಡ ಚಿತ್ರಗಳಿಗೆ ಹಿಂದೆ ನಿಂತು ದುಡಿದ. 1976ರಲ್ಲಿ ‘ಅನ್ನಕ್ಕಿಳಿ’ ತೆರೆಕಂಡಾಗ ದೇಶಕ್ಕೆ ಅವನ ಹೆಸರು ಗೊತ್ತಾಯಿತು: ಇಳಯರಾಜ. ಹಿಂದೆ ನಿಂತವರ ಹಿಂದೆಯೂ ಒಬ್ಬರು ಇರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಎಲ್ಲ ಸಹಾಯಕರೂ ಇಳಯರಾಜ ಆಗಲಿಲ್ಲ. ಅದೇ ಸ್ಟುಡಿಯೋದಲ್ಲಿ ಪಿಟೀಲು, ತಬಲಾ, ಕೊಳಲು ಹಿಡಿದು ಕುಳಿತಿದ್ದ ಎಷ್ಟೋ ಜನರ ಹೆಸರು ಟೈಟಲ್ ಕಾರ್ಡಿನಲ್ಲೂ ಬರಲಿಲ್ಲ. ಅವರ ದನಿ ಮಾತ್ರ ನಮ್ಮ ಕಿವಿಯಲ್ಲಿದೆ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ಐದನೇ ಸೆಮಿಸ್ಟರಿನಲ್ಲಿ ನಾವು ನಾಲ್ವರು ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದೆವು. ದ್ರಾಕ್ಷಿ ತೋಟದ ಮಣ್ಣಿನ ತೇವ ನೋಡಿ, ನೀರು ಬಿಡಬೇಕೋ ಬೇಡವೋ ಎಂದು ಮೊಬೈಲಿಗೆ ತಿಳಿಸುವ ಸಣ್ಣ ಸಾಧನ. ಕೋಡ್ ಬರೆದವನು, ಸೆನ್ಸರ್ ಬೆಸುಗೆ ಹಾಕಿದವನು, ಕೆಟ್ಟಾಗ ಮೂರು ರಾತ್ರಿ ಎದ್ದು ಸರಿಪಡಿಸಿದವನು ನನ್ನ ರೂಮ್‌ಮೇಟ್. ಅವನಿಗೆ ಇಂಗ್ಲಿಷಿನಲ್ಲಿ ಮಾತಾಡಲು ಅಂಜಿಕೆ. ಹಾಗಾಗಿ ವೇದಿಕೆ ಹತ್ತಿದವನು ನಾನು. ತೀರ್ಪುಗಾರರು ಹೊಗಳಿದರು, ‘ಈ ಭಾಗ ಯಾರು ಮಾಡಿದ್ದು?’ ಎಂದೂ ಕೇಳಿದರು. ‘ನಾವೇ ಸರ್’ ಎಂದೆ. ಸುಳ್ಳಲ್ಲ. ಆದರೆ ಅವನು ಕೊನೆಯ ಬೆಂಚಿನಲ್ಲೇ ಕುಳಿತಿದ್ದ, ನಾನು ಅವನತ್ತ ಕೈ ತೋರಿಸಲಿಲ್ಲ. ಮೊದಲ ಬಹುಮಾನದ ಫೋಟೊದಲ್ಲಿ ನಡುವೆ ನಾನೇ. ಆಮೇಲೆ ಇಂಟರ್ನ್‌ಶಿಪ್ಪಿಗೆ ರೆಸ್ಯೂಮೆ ಬರೆಯುವಾಗ ‘ನಾವು’ ಕೂಡ ಹೋಯಿತು. ‘ನಾನು ರೂಪಿಸಿದ ಸಾಧನ’ ಎಂದು ಬರೆದಿದ್ದೆ.

ರಜೆ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆ ಅವನಿಗೆ ಇದನ್ನು ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ‘ನನಗ ಹೇಳಾಕ ಬರಂಗಿಲ್ಲ ಅಂತ ನಿನಗ ಗೊತ್ತಿತ್ತು. ನೀನರೆ ಹೇಳಬೇಕಿತ್ತಲೋ’ ಎಂದ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಚೆನ್ನಾಗಿದ್ದರೆ ಸಾಕು, ಹೆಸರು ಯಾಕೆ ಬೇಕು ಎನ್ನುವವರಿದ್ದಾರೆ. ಹೀಗೆ ಹೇಳುವವರು ಹೆಚ್ಚಾಗಿ ಹೆಸರು ಸಿಕ್ಕವರೇ. ಕೆಲಸ ಹುಡುಕುವ ನಮ್ಮಂಥವರಿಗೆ ಹೆಸರೆಂದರೆ ಬರೀ ಹೊಗಳಿಕೆಯಲ್ಲ, ಅನ್ನದ ದಾರಿ. ಸಂದರ್ಶನದಲ್ಲಿ ‘ನೀವು ಏನು ಮಾಡಿದ್ದೀರಿ?’ ಎಂದು ಕೇಳಿದಾಗ ನನ್ನ ಗೆಳೆಯ ತೋರಿಸಬೇಕಾದದ್ದು ನನ್ನ ರೆಸ್ಯೂಮೆಯಲ್ಲಿ ಕುಳಿತಿದ್ದರೆ, ಅದು ಕಳವೇ.

ಹಾಗೆಂದು ಎಲ್ಲರೂ ವೇದಿಕೆ ಹತ್ತಲೇಬೇಕು ಎಂದು ನಾನು ಹೇಳುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ‘ಕಮ್ಯುನಿಕೇಷನ್ ಸ್ಕಿಲ್’ ಎಂದು ಎಲ್ಲರನ್ನೂ ಮೈಕಿನ ಮುಂದೆ ತಳ್ಳುತ್ತಾರೆ. ಮೈಕ್ ಹಿಡಿಯಲು ಬಾರದವನು ದಡ್ಡ ಎಂಬ ಭಾವನೆ ನಮ್ಮಲ್ಲೇ ಬೆಳೆದಿದೆ. ವೆಂಕಟೇಶ್ ತೆರೆಯ ಮೇಲೆ ಕುಣಿಯಲಿಲ್ಲ, ಉದಯಶಂಕರ್ ತಮ್ಮ ಸಾಲುಗಳನ್ನು ತಾವೇ ಹಾಡಿ ತೋರಿಸಬೇಕಾಗಿ ಬರಲಿಲ್ಲ. ಹಿಂದೆ ನಿಂತೇ ದೊಡ್ಡ ಕೆಲಸ ಮಾಡಬಹುದು ಎಂಬುದಕ್ಕೆ ಅವರೇ ಸಾಕ್ಷಿ. ಇಬ್ಬರೂ 1993ರಲ್ಲಿ, ಒಂದೇ ವರ್ಷ ತೀರಿಕೊಂಡರು. ನಮ್ಮ ಓರಗೆಯವರಲ್ಲಿ ಎಷ್ಟು ಜನಕ್ಕೆ ಈ ಎರಡು ಹೆಸರು ಗೊತ್ತು? ಹಾಡು ಗೊತ್ತಿಲ್ಲದವರು ಮಾತ್ರ ಸಿಗಲಿಕ್ಕಿಲ್ಲ.

ಕಾಲೇಜುಗಳು ಮಾಡಬಹುದಾದ ಸುಲಭದ ಕೆಲಸವೊಂದಿದೆ. ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಬರೀ ನಾಲ್ಕು ಹೆಸರು, ನಾಲ್ಕು ಯುಎಸ್‌ಎನ್ ಇದ್ದರೆ ಸಾಲದು. ಯಾರು ಕೋಡ್ ಬರೆದರು, ಯಾರು ಸರ್ಕ್ಯೂಟ್ ಕೂಡಿಸಿದರು, ಯಾರು ವರದಿ ಬರೆದರು, ಯಾರು ಮಾತಾಡಿದರು ಎಂದು ಒಂದೊಂದು ಸಾಲು ಇರಲಿ. ಸಿನಿಮಾದವರಿಗೆ ಟೈಟಲ್ ಕಾರ್ಡ್ ಇದೆ, ನಮಗೇಕೆ ಬೇಡ?

ನಿಯಮ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ನನ್ನ ರೆಸ್ಯೂಮೆಯಲ್ಲಿ ಈಗ ‘ನಾಲ್ವರ ತಂಡ, ನನ್ನ ಪಾಲು: ವರದಿ ಮತ್ತು ಮಂಡನೆ’ ಎಂದಿದೆ. ಓದಲು ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ನಿಜ. ಆದರೆ ಯಾವ ಪ್ರಶ್ನೆ ಬಂದರೂ ಈಗ ಹೆದರಿಕೆಯಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟಿಗೂ ನಾವು ಅದೇ ನಾಲ್ವರು. ಮಾತಾಡುವವನು ಈ ಸಲವೂ ನಾನೇ. ಮೊದಲ ಸ್ಲೈಡ್ ಮಾತ್ರ ಈಗಲೇ ತಯಾರಾಗಿದೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಸುರ ಹಿಡಿದವನ ಹೆಸರು.