ಊರಿಗೆ ಹೋದಾಗ ತೋರಿಸೋಣ!

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಹಲ್ಲುನೋವಿಗೆ ಒಂದೇ ಮಾತು ಕೇಳಿಬರುತ್ತದೆ: "ಹೇಗೂ ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವಲ್ಲ, ಅಲ್ಲೇ ತೋರಿಸಿದರಾಯಿತು." ಚೌತಿಯ ಚಕ್ಕುಲಿ ಕಚ್ಚಿ ದವಡೆಹಲ್ಲಿನ ಮೂಲೆ ಹಾರಿಸಿಕೊಂಡವರೂ ಇದನ್ನೇ ಹೇಳುತ್ತಾರೆ, ದೀಪಾವಳಿಯ ಅವಲಕ್ಕಿಯಲ್ಲಿ ಕಲ್ಲು ಕಚ್ಚಿದವರೂ ಇದನ್ನೇ ಹೇಳುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಡಾಕ್ಟರರಿಗಾಗಿ ಕಾಯುವುದು. ನಾವು ಇದನ್ನು ಸುತರಾಂ ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಿ ದನ ಕಾಯುವವನೂ ಕಾಯುತ್ತಾನೆ, ಬಸ್ಸಿಗೆ ನಿಂತವನೂ ಕಾಯುತ್ತಾನೆ. ಮುರಿದ ಹಲ್ಲಿನ ವಿಷಯದಲ್ಲಿ ಎರಡೂ ಆಗಬೇಕು. ನಮ್ಮವರು ಎರಡನ್ನೂ ಮಾಡುವುದಿಲ್ಲ, ಸುಮ್ಮನೆ ಮುಂದೂಡುತ್ತಾರೆ.

ಮಣಿಪಾಲದಲ್ಲಿ 1965ರಿಂದ ದಂತವೈದ್ಯಕೀಯ ಕಾಲೇಜು ಇದೆ, ಅದರ ಹೆಸರೆತ್ತಿದರೆ ನಮಗೂ ಹೆಮ್ಮೆಯೇ. ಆದರೆ ಈ ಮುಂಬಯಿಯಲ್ಲಿ ನಾಯರ್ ದಂತ ಕಾಲೇಜು 1933ರಿಂದ ಇದೆಯಲ್ಲ! ನಗರಪಾಲಿಕೆಯ ಸಂಸ್ಥೆ, ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ನಡೆದೇ ಹೋಗಬಹುದು. ಸರಕಾರಿ ದಂತ ಕಾಲೇಜು ಸಿ.ಎಸ್.ಎಂ.ಟಿ.ಯ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿದೆ. ಪಶ್ಚಿಮ ರೈಲ್ವೆಯವರಿಗೊಂದು, ಮಧ್ಯ ರೈಲ್ವೆಯವರಿಗೊಂದು. ವಿರಾರಿನವರಿಗೂ ಕಲ್ಯಾಣದವರಿಗೂ ಗಾಡಿ ಬದಲಿಸುವ ತೊಂದರೆಯೂ ಇಲ್ಲ. ಹೀಗಿರುವಾಗ ಹುಳುಕು ಹಲ್ಲನ್ನು ಕೊಂಕಣ ರೈಲ್ವೆಯಲ್ಲಿ ಉಡುಪಿಯ ತನಕ ಹೊತ್ತುಕೊಂಡು ಹೋಗುವುದು ಯಾವ ಉಳಿತಾಯ?

"ಆದರೆ ನೋವು ತಾನಾಗಿಯೇ ನಿಂತಿತಲ್ಲ" ಎಂಬುದು ಎರಡನೆಯ ಸಮಾಧಾನ. ಎಲ್ಲಕ್ಕಿಂತ ಅಪಾಯದ ಮಾತು ಇದೇ. ಹಲ್ಲಿನ ಹೊರಕವಚಕ್ಕೆ ನರವಿಲ್ಲ, ನರವೂ ರಕ್ತನಾಳವೂ ಇರುವುದು ನಡುವಿನ ತಿರುಳಿನಲ್ಲಿ. ಕವಚ ಒಡೆದು ಸೋಂಕು ಒಳಗಿಳಿದಾಗ ತಿರುಳು ಬಾತುಕೊಳ್ಳುತ್ತದೆ. ಸುತ್ತ ಗಟ್ಟಿ ಗೋಡೆಯಿರುವುದರಿಂದ ಬಾವಿಗೆ ಹಿಗ್ಗಲು ಜಾಗವಿಲ್ಲ. ಆದುದರಿಂದಲೇ ಆ ಮಿಡಿತದ ನೋವು. ರಾತ್ರಿ ಮಲಗಿದಾಗ ತಲೆಯತ್ತ ರಕ್ತದ ಒತ್ತಡ ಹೆಚ್ಚಿ ಅದು ಇನ್ನೂ ಜೋರಾಗುತ್ತದೆ. ತಿರುಳು ಸತ್ತಮೇಲೆ ನೋವೂ ನಿಲ್ಲುತ್ತದೆ. ನಮ್ಮವರು ದೇವರಿಗೆ ಕೈಮುಗಿದು ಕಡಲೆ ಜಗಿಯಲು ಕೂರುತ್ತಾರೆ. ಅತ್ತ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿರುತ್ತದೆ.

ಕೈಮದ್ದಿನವರೊಂದಿಗೂ ನಮ್ಮ ತಕರಾರಿದೆ. ಲವಂಗದೆಣ್ಣೆಯಲ್ಲಿ ಗುಣವಿದೆ, ದಂತವೈದ್ಯರೂ ಅದರ ಸಾರವನ್ನು ಬಳಸುತ್ತಾರೆ. ಆದರೆ ಹತ್ತಿಯ ತುದಿಯಲ್ಲಿ ಒಂದೇ ತೊಟ್ಟು ಹಲ್ಲಿಗೆ ಮುಟ್ಟಿಸುವುದು ಬೇರೆ, ಶೀಶೆ ಬಗ್ಗಿಸಿ ಒಸಡು ಸುಟ್ಟುಕೊಳ್ಳುವುದು ಬೇರೆ. ಆಸ್ಪಿರಿನ್ ಗುಳಿಗೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳುವವರು ಕೆನ್ನೆಯೊಳಗೆ ಹುಣ್ಣು ಮಾಡಿಕೊಳ್ಳುತ್ತಾರೆ. ಬಿಸಿ ಉಪ್ಪಿನ ಗಂಟಿನ ಶಾಖ ಬಾವಿಗೆ ಹಿತವಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹೊರಗಿನಿಂದ ಕಾಲು ಗಂಟೆ ಇಡಬೇಕು. ಇನ್ನು ಮಿಶ್ರಿ! ಹೊಗೆಸೊಪ್ಪು ಸುಟ್ಟ ಈ ಕರಿಪುಡಿಯನ್ನು ನಮ್ಮವರಲ್ಲಿ ಕೆಲವರು ಈ ನಾಡಿಗೆ ಬಂದಮೇಲೆ ಕಲಿತರು. ಹಲ್ಲಿನ ಹೆಸರಿನಲ್ಲಿ ಬಾಯಿಗೆ ಅರ್ಬುದವನ್ನು ಆಹ್ವಾನಿಸುವ ಈ ಚಟವನ್ನು ಔಷಧವೆಂದು ಕರೆಯುವವರಿಗೆ ನಾವು ಏನು ಹೇಳೋಣ?

ಹಾಗಾದರೆ ಕಾಯುವ ಆ ಒಂದೆರಡು ದಿನ ಏನು ಮಾಡಬೇಕು? ಹೆಚ್ಚೇನಿಲ್ಲ. ಉಗುರುಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದ ಮೇಲೆಲ್ಲ ಮುಕ್ಕಳಿಸುವುದು. ಇನ್ನೊಂದು ಮಗ್ಗುಲಲ್ಲಿ ಮೆತ್ತನೆಯದನ್ನು ಅಗಿಯುವುದು. ಒಡೆದ ಅಂಚು ನಾಲಗೆಗೆ ಚುಚ್ಚಿದರೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮನ್ನು ಅದರ ಮೇಲೆ ಒತ್ತಿಡುವುದು. ತಲೆಯಡಿಗೆ ಎರಡು ದಿಂಬು. ನೋವಿಗೆ ಪ್ಯಾರಾಸಿಟಮಾಲ್, ಅದೂ ಚೀಟಿಯಲ್ಲಿ ಬರೆದ ಪ್ರಮಾಣದಷ್ಟೇ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿಯ ಸಂಶಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಆದರೆ ದವಡೆಯ ಕೆಳಗೆ ಇಲ್ಲವೆ ಕಣ್ಣಿನತ್ತ ಬಾವು ಏರಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ, ಆಗ ಮರುದಿನದ ಮಾತೇ ಇಲ್ಲ. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಬೇಕು, ಜೀವ ಹೋದದ್ದುಂಟು.

ಹೊಟೇಲಿನವರಿಗೆ ಒಂದು ಮಾತು ಬೇರೆಯೇ ಹೇಳಬೇಕಾಗಿದೆ. ಒದ್ದೆ ನೆಲದ ಮೇಲೆ ಜಾರಿ ಬಿದ್ದು ಹುಡುಗನ ಮುಂದಿನ ಹಲ್ಲು ಬೇರುಸಹಿತ ಕಿತ್ತುಬಂದರೆ ಅದನ್ನು ಮೋರಿಗೆ ಎಸೆಯುತ್ತಾರೆ, ಇಲ್ಲವೆ ಕಾಗದದಲ್ಲಿ ಕಟ್ಟಿ ಜೇಬಿಗಿಡುತ್ತಾರೆ. ಬೇರನ್ನು ಮುಟ್ಟದೆ, ಉಜ್ಜದೆ, ಬಿಳಿ ಭಾಗವನ್ನು ಹಿಡಿದು ಕ್ಷಣಕಾಲ ಹಾಲಿನಲ್ಲಿ ಜಾಲಿಸಿ ಅದೇ ಗುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ದಂತವೈದ್ಯರಲ್ಲಿಗೆ ಒಯ್ಯಬೇಕು. ಅರ್ಧ ಗಂಟೆಯೊಳಗೆ ಮುಟ್ಟಿದರೆ ಹಲ್ಲು ಮತ್ತೆ ಹಿಡಿದುಕೊಳ್ಳುವ ಆಸೆಯಿದೆ. (ಮಕ್ಕಳ ಹಾಲುಹಲ್ಲಿಗೆ ಇದು ಸಲ್ಲದು, ಅದನ್ನು ಮಾಡಿನ ಮೇಲೆ ಎಸೆಯುವ ಪದ್ಧತಿಯೇ ಇರಲಿ, ಮಾಡು ಮಾತ್ರ ಈಗ ಯಾರಿಗಿದೆ!) ದಿನಕ್ಕೆ ಎಷ್ಟೋ ಲೀಟರು ಹಾಲು ಕಾಯಿಸುವ ಅಡಿಗೆಮನೆಗಳಲ್ಲಿ ಈ ಒಂದು ಲೋಟದ ಸಂಗತಿ ತಿಳಿಯದೆ ಹೋದದ್ದಕ್ಕೆ ನಮ್ಮ ಸಂಘಗಳೂ ಹೊಣೆ. ಯಕ್ಷಗಾನದ ಕರಪತ್ರ ಎಲ್ಲ ಹೊಟೇಲುಗಳ ಗಲ್ಲಾದ ಮೇಲೂ ಇರುತ್ತದೆ, ಇದೊಂದು ಚೀಟಿ ಇರಬಾರದೇ?

ಇಷ್ಟೆಲ್ಲ ಹೇಳಿದರೂ ಆ ಹುಡುಗ ಆಸ್ಪತ್ರೆಗೆ ಹೋಗುವುದು ಯಾವಾಗ? ಕೇಸ್ ಪೇಪರು ಮಾಡಿಸಬೇಕಾದದ್ದು ಬೆಳಿಗ್ಗೆ, ಇಡ್ಲಿ ದೋಸೆಯ ಭರಾಟೆಯೂ ಬೆಳಿಗ್ಗೆಯೇ. "ಈಗ ಬೇಡ, ಊರಿಗೆ ಹೋದಾಗ ತೋರಿಸು" ಎಂದು ಧಣಿಗಳು ಹೇಳಿದರೆ ಅವನು ಬೇರೆ ದಾರಿ ಕಾಣದೆ ಲವಂಗ ಕಚ್ಚಿಕೊಳ್ಳುತ್ತಾನೆ. ಬೆಳಗಿನ ಹೊತ್ತು ಒಬ್ಬನನ್ನು ಬಿಟ್ಟರೆ ಹೊಟೇಲು ನಡೆಯುವುದಾದರೂ ಹೇಗೆ ಎಂದು ಅವರು ಕೇಳಬಹುದು. ಭಟ್ಟರು ಊರಿನ ನೇಮಕ್ಕೆಂದು ಹತ್ತು ದಿನ ಹೋದಾಗ ನಡೆಯುತ್ತದಲ್ಲ, ಹಾಗೆಯೇ ನಡೆಯುತ್ತದೆ. ಸಂಬಳ ಕಡಿಯದೆ ಅರ್ಧ ದಿನದ ರಜೆ ಕೊಡಲಿ. ಬರುವ ಸೋಮವಾರವೇ, ಕೆನ್ನೆ ಒತ್ತಿಕೊಂಡು ಟೇಬಲ್ಲು ಒರೆಸುತ್ತಿರುವ ಆ ಮಾಣಿಯಿಂದಲೇ ಸುರುವಾಗಲಿ.