ಟೀಚರಮ್ಮನ ಯಜಮಾನರು

ಮೊನ್ನೆ ಚಿಕ್ಕಬಾಣಾವರಕ್ಕೆ ಹೋಗಿದ್ದೆ. ಏನು ವಿಶೇಷ ಎಂದಿರಾ? ನಮ್ಮ ಟೀಚರಮ್ಮ ತೀರಿಕೊಂಡು ಒಂದು ತಿಂಗಳಾಗಿತ್ತು. ಅವರ ಯಜಮಾನರನ್ನು ಮಾತಾಡಿಸಿಕೊಂಡು ಬರೋಣವೆಂದು ಹೊರಟೆ. ಹೆಸರು ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬರುವುದೆಂದರೆ ಆಕೆಗೆ ಆಗುತ್ತಲೇ ಇರಲಿಲ್ಲ.

ಚಿಕ್ಕಬಾಣಾವರವೆಂದರೆ ಈಗ ನಿಮಗೆ ರೈಲ್ವೆ ಜಂಕ್ಷನ್ನು, ಹೆಸರಘಟ್ಟ ರಸ್ತೆಯ ವಾಹನಗಳ ಸಾಲು, ಕಾಲೇಜು ಹುಡುಗರ ಪಿ.ಜಿ.ಗಳು ಕಣ್ಣಿಗೆ ಬರಬಹುದು. ಎಪ್ಪತ್ತರ ದಶಕದಲ್ಲಿ ಟೀಚರಮ್ಮ ಕೆಲಸಕ್ಕೆ ಸೇರಿದಾಗ ಕೆರೆ, ರಾಗಿ ಹೊಲ, ಮೀಟರ್ ಗೇಜ್ ರೈಲು, ಇಷ್ಟೇ. ಬಿಸಿಯೂಟವೆಂಬುದು ಇನ್ನೂ ಹುಟ್ಟಿರಲಿಲ್ಲ. ಅದು ನಮ್ಮ ರಾಜ್ಯದಲ್ಲಿ ಶುರುವಾದದ್ದು 2002ರಲ್ಲಿ. ಆಗೆಲ್ಲ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು. ನಿಮ್ಮಲ್ಲಿ ಎಷ್ಟೋ ಮಂದಿ ಅದನ್ನು ತಿಂದವರೇ!

ಗಂಡುಮಕ್ಕಳೇನೋ ಶಾಲೆಗೆ ಬರುತ್ತಿದ್ದರು. ಹೆಣ್ಣುಮಕ್ಕಳದ್ದೇ ಫಜೀತಿ. ಐದನೆಯ ತರಗತಿ ಮುಟ್ಟುವಷ್ಟರಲ್ಲಿ ಹಾಜರಿ ಪುಸ್ತಕದ ತುಂಬ ಗೈರು. ತಮ್ಮನನ್ನು ಎತ್ತಿಕೊಳ್ಳಲು ಒಬ್ಬಳು, ಊದುಬತ್ತಿ ಹೊಸೆಯಲು ಇನ್ನೊಬ್ಬಳು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ; ಎಳೆಯ ಬೆರಳು ಚುರುಕು ಎಂದು ಮನೆಯವರ ಲೆಕ್ಕಾಚಾರ.

ಟೀಚರಮ್ಮ ಸಂಜೆ ಆ ಮನೆಗಳಿಗೆ ಹೋಗುವರು. ಬೈಯುತ್ತಿರಲಿಲ್ಲ. ತಾಯಿಯ ಪಕ್ಕದಲ್ಲೇ ಕೂತು ತಾವೂ ಹತ್ತಿಪ್ಪತ್ತು ಕಡ್ಡಿ ಹೊಸೆಯುತ್ತ, “ಹಗಲು ಸ್ಕೂಲಿಗೆ ಕಳಿಸು, ಸಂಜೆ ಬತ್ತಿ ಹೊಸೀಲಿ. ಒಪ್ಕೊಳಮ್ಮ” ಎನ್ನುವರು. ಮಕ್ಕಳು ಸಂಜೆ ದುಡಿಯುವುದು ಮಾತ್ರ ಸರಿಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ಪೂರ್ತಿ ಬಿಡಿಸಿ ಅಂದ್ರೆ ನಾಳೆ ಬಾಗಿಲೇ ತೆಗೆಯಲ್ಲ ಕಣಮ್ಮ” ಎಂದಿದ್ದರು. ಆ ಉತ್ತರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಹಾಗೆ ಓದಿದ ಹುಡುಗಿಯರು ಹನ್ನೊಂದನೆಯ ದಿನ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಅಂಗಳ ತುಂಬಿದ್ದನ್ನೂ ಕಂಡಿದ್ದೇನೆ.

ಈಗ ಯಜಮಾನರ ವಿಷಯಕ್ಕೆ ಬರುತ್ತೇನೆ. ಅವರು ಜಾಲಹಳ್ಳಿಯ ಎಚ್.ಎಂ.ಟಿ. ವಾಚ್ ಕಾರ್ಖಾನೆಯಲ್ಲಿದ್ದವರು. ಬೆಳಗಿನ ಪಾಳಿ ಮುಗಿಸಿ ಬಂದರೆ ಸಂಜೆ ಟಾರ್ಚ್ ಹಿಡಿದು ಹೆಂಡತಿಯ ಜೊತೆ ಹೊರಡುವರು. ಬೀದಿದೀಪವಿಲ್ಲದ ದಾರಿ, ಹಾವುಹುಳುಗಳ ಭಯ ಬೇರೆ. ಆಕೆ ಒಳಗೆ ಮಾತಾಡುವವರೆಗೂ ಇವರು ಬೇಲಿಯ ಹತ್ತಿರ ನಿಂತಿರುವರು. “ಹೆಂಡ್ತಿ ಹಿಂದೆ ದೀಪ ಹಿಡಿಯೋನು” ಎಂದು ನೆಂಟರೇ ಆಡಿಕೊಂಡರಂತೆ. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಸಾವಿತ್ರಿಬಾಯಿ ಫುಲೆಯವರಿಗೆ ಅಕ್ಷರ ಕಲಿಸಿದ್ದು ಅವರ ಗಂಡ ಜ್ಯೋತಿಬಾ. ಅದನ್ನು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಟಾರ್ಚ್ ಹಿಡಿದವರನ್ನು ಯಾರು ನೆನೆಯುತ್ತಾರೆ?

ಮನೆಗೆ ಬಂದ ಮೇಲೆ ಅಡಿಗೆಯೂ ಎಷ್ಟೋ ದಿನ ಅವರದೇ. ಬರುತ್ತಿದ್ದದ್ದು ಒಂದೇ, ಹುರುಳಿಕಾಳಿನ ಬಸ್ಸಾರು. ಕಾಳು ಬೇಯಿಸಿ ಕಟ್ಟು ಬಸಿದು, ಅದಕ್ಕೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಮಾತ್ರ ಗಂಟು ಗಂಟು! ಟೀಚರಮ್ಮ ಅದರ ಬಗ್ಗೆ ಒಂದು ಮಾತೂ ಆಡದೆ ಉಣ್ಣುತ್ತಿದ್ದರು.

ನಾನು ಹೋದಾಗ ಒಂದು ಫೈಲು ತಂದಿಟ್ಟರು. ಮೇಲೆ ಟೀಚರಮ್ಮನ ದುಂಡು ಅಕ್ಷರ: “ನಾನು ಹೋದ ಮೇಲೆ ತೆಗೆಯುವುದು.” ಒಳಗೆ ಪಿಂಚಣಿ ಪುಸ್ತಕ, ಜೋಡಿ ಫೋಟೋ, ಬ್ಯಾಂಕಿನ ಕಾಗದ. ಹೆಂಡತಿ ಸರ್ಕಾರಿ ನೌಕರಳಾಗಿದ್ದರೆ ಗಂಡನಿಗೂ ಕುಟುಂಬ ಪಿಂಚಣಿ ಉಂಟೆಂಬುದು ಆತನಿಗೆ ಗೊತ್ತೇ ಇರಲಿಲ್ಲ. (ನೌಕರಿಯಲ್ಲಿರುವ ಸೋದರಿಯರೇ, ನಿಮ್ಮ ಕಾಗದಗಳು ಎಲ್ಲಿವೆ ಎಂದು ಮನೆಯಲ್ಲಿ ಹೇಳಿದ್ದೀರಾ?)

ಫೈಲಿನ ಕೊನೆಗೆ ಒಂದು ಚೀಟಿ. ಅದರಲ್ಲಿ ಒಬ್ಬ ಹುಡುಗಿಯ ಹೆಸರು, ತರಗತಿ, ಅಷ್ಟೇ. “ಆರು ಸಲ ಹೋದ್ವಿ ತಾಯಿ, ಅವರಪ್ಪ ಕಳಿಸಲೇ ಇಲ್ಲ. ಆಮೇಲೆ ಊರು ಬಿಟ್ಟು ಹೋದ್ರು. ಆಸ್ಪತ್ರೇಲೂ ಕೇಳಿದ್ಲು, ಅವಳೇನಾದ್ಳೋ ಅಂತ” ಎಂದರು.

ಕಾಫಿ ಕೊಟ್ಟು, ಕಪಾಟಿನಿಂದ ಚಿಕ್ಕ ವಾಚೊಂದನ್ನು ತೆಗೆದರು. ಎಚ್.ಎಂ.ಟಿ. ಸುಜಾತಾ, ಮದುವೆಯ ವರ್ಷ ಹೆಂಡತಿಗೆ ಕೊಡಿಸಿದ್ದು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಕೀ ತಿರುಗಿಸಿದರು.

“ದಿನಾ ಕೊಡ್ತೀರಾ?” ಎಂದೆ.

“ನಿಲ್ಲಿಸಿದ್ರೆ ಒಳಗೆ ಎಣ್ಣೆ ಗಟ್ಟಿಯಾಗುತ್ತೆ” ಎಂದರು, ಕಾರ್ಖಾನೆಯವರ ಗತ್ತಿನಲ್ಲಿ.